ಲಕ್ಷ ಹಾಡುಗಳ ಲೈಬ್ರರಿ: ಯಾವ ಸರ್ವರ್, ಯಾವ ಟ್ಯಾಗರ್, ಯಾವ ಡಿಸ್ಕ್?

ಹತ್ತು ಸಾವಿರ ಹಾಡಿರುವವರೆಗೆ ಯಾವ ಮ್ಯೂಸಿಕ್ ಸರ್ವರ್ (ನಮ್ಮ ಡಿಸ್ಕಿನಲ್ಲಿರುವ ಹಾಡುಗಳನ್ನು ಪಟ್ಟಿ ಮಾಡಿ ಫೋನಿಗೋ ಸ್ಪೀಕರಿಗೋ ಕಳಿಸುವ ತಂತ್ರಾಂಶ) ಹಾಕಿಕೊಂಡರೂ ನಡೆಯುತ್ತದೆ. ಸಂಖ್ಯೆ ಐವತ್ತು ಸಾವಿರ ದಾಟಿ ಲಕ್ಷದ ಹತ್ತಿರ ಬಂದಾಗ ಒಂದೊಂದರ ಬಣ್ಣವೂ ಬಯಲಾಗತೊಡಗುತ್ತದೆ. ಒಂದರಲ್ಲಿ ಆಲ್ಬಮ್ ಪಟ್ಟಿ ತೆರೆದುಕೊಳ್ಳುವಷ್ಟರಲ್ಲಿ ತಾಳ್ಮೆ ಮುಗಿದಿರುತ್ತದೆ. ಇನ್ನೊಂದರಲ್ಲಿ ಒಂದೇ ಆಲ್ಬಮ್ ಎಂಟು ತುಂಡಾಗಿ ಬಿದ್ದಿರುತ್ತದೆ. ಮತ್ತೊಂದರಲ್ಲಿ ಫೋಲ್ಡರಿನ ಹೆಸರು ತಿದ್ದಿದ್ದೇ ತಪ್ಪಾಗಿ, ವರ್ಷಗಳ ಪ್ಲೇ ಕೌಂಟ್ ಸೊನ್ನೆಗೆ ಇಳಿದಿರುತ್ತದೆ.

ದೊಡ್ಡ ಲೈಬ್ರರಿ ಎಂದರೆ ಹೆಚ್ಚು ಟೆರಾಬೈಟ್ ಎಂದಷ್ಟೇ ತಿಳಿಯುವುದು ಬೇಡ. ಸಿಡಿ ಗುಣಮಟ್ಟದ ಆಡಿಯೊ ಸೆಕೆಂಡಿಗೆ 1,411 ಕಿಲೋಬಿಟ್. ಗುಣಮಟ್ಟ ಕೆಡದಂತೆ ಕುಗ್ಗಿಸುವ ಫ್ಲ್ಯಾಕ್ ಮಾಡಿದರೆ ಸಾಮಾನ್ಯವಾಗಿ ಅದರ ಅರ್ಧದಿಂದ ಮೂರನೇ ಎರಡು ಪಾಲಿಗೆ ಇಳಿಯುತ್ತದೆ. ಐದು ನಿಮಿಷದ ಹಾಡಿಗೆ ಸುಮಾರು 30 ಎಂಬಿ ಹಿಡಿದರೆ ಲಕ್ಷ ಹಾಡಿಗೆ 3 ಟಿಬಿ. ಅದೇ ಹಾಡುಗಳು 320 ಕೆಬಿಪಿಎಸ್ ಎಂಪಿ3 ಆಗಿದ್ದರೆ ತಲಾ 12 ಎಂಬಿ, ಒಟ್ಟು 1.2 ಟಿಬಿ. 24 ಬಿಟ್ 96 ಕಿಲೋಹರ್ಟ್ಸ್ ಫೈಲ್ ಒಂದೊಂದೂ ಸುಮಾರು 100 ಎಂಬಿ ತಿನ್ನುತ್ತದೆ. ಆದರೆ ಸರ್ವರಿಗೆ ಭಾರವಾಗುವುದು ಬೈಟುಗಳಲ್ಲ, ಫೈಲುಗಳ ಸಂಖ್ಯೆ. ಮೂವತ್ತು ಸಾವಿರ ಹೈ-ರೆಸ್ ಫೈಲುಗಳ 3 ಟಿಬಿಗಿಂತ ಲಕ್ಷ ಎಂಪಿ3ಗಳ 1.2 ಟಿಬಿಯೇ ಡೇಟಾಬೇಸಿಗೆ ಹೆಚ್ಚು ತ್ರಾಸು.

ಮೂಲ ದಾಖಲೆ ಫೈಲೋ, ಡೇಟಾಬೇಸೋ?

ತಂತ್ರಾಂಶ ಆರಿಸುವ ಮುಂಚೆ ತೀರ್ಮಾನಿಸಬೇಕಾದ್ದು ಇದು. ಕಲಾವಿದ, ಆಲ್ಬಮ್, ವರ್ಷ, ಡಿಸ್ಕ್ ಸಂಖ್ಯೆ, ಮುಖಪುಟ ಇವೆಲ್ಲ ಎಲ್ಲಿ ಇರಬೇಕು? ಹಾಡಿನ ಫೈಲಿನೊಳಗಿನ ಟ್ಯಾಗಿನಲ್ಲೋ, ಸರ್ವರಿನ ಡೇಟಾಬೇಸಿನಲ್ಲೋ?

ದೊಡ್ಡ ಲೈಬ್ರರಿಗೆ ಫೈಲೇ ಮೂಲವಾಗಿರಲಿ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಸರ್ವರ್ ತಂತ್ರಾಂಶದ ಆಯುಸ್ಸು ಲೈಬ್ರರಿಯ ಆಯುಸ್ಸಿಗಿಂತ ಕಡಿಮೆ. ಸರ್ವರಿನ ವೆಬ್ ಪುಟದಲ್ಲಿ ಕೂತು ಸಾವಿರಾರು ಆಲ್ಬಮ್ ತಿದ್ದಿ, ಅದು ಫೈಲಿಗೆ ಇಳಿಯದೆ ಡೇಟಾಬೇಸಿನಲ್ಲೇ ಉಳಿದರೆ, ತಂತ್ರಾಂಶ ಬದಲಿಸಿದ ದಿನ ಅಷ್ಟೂ ಕೆಲಸ ಮಣ್ಣುಪಾಲು. ಟ್ಯಾಗ್ ಸರಿಯಿದ್ದರೆ ಮುಂದಿನ ಸರ್ವರಿಗೆ ಬೇಕಾದ್ದು ಒಂದು ಸ್ಕ್ಯಾನ್ ಅಷ್ಟೇ. ಪ್ಲೇ ಕೌಂಟ್, ಮೆಚ್ಚಿನ ಗುರುತು, ಪ್ಲೇಲಿಸ್ಟ್ ಮಾತ್ರ ಡೇಟಾಬೇಸಿನ ಸ್ವತ್ತು. ಅವಕ್ಕೆ ಬೇರೆ ಬ್ಯಾಕಪ್ ಇರಬೇಕು. ಕೆಳಗಿನ ಹೋಲಿಕೆಯನ್ನೆಲ್ಲ ಈ ಕಣ್ಣಿನಿಂದಲೇ ಓದಿಕೊಳ್ಳಿ.

ನ್ಯಾವಿಡ್ರೋಮ್: ಹೆಚ್ಚಿನವರಿಗೆ ಇದೇ ಸಾಕು

ಸಂಗೀತ ಬಿಟ್ಟು ಬೇರೇನೂ ಮಾಡದ ಸರ್ವರ್. ಗೋ ಭಾಷೆಯಲ್ಲಿ ಬರೆದದ್ದು, ಡೇಟಾಬೇಸ್ ಎಸ್‌ಕ್ಯೂಲೈಟ್, ಪೋರ್ಟ್ 4533. ರಾಸ್ಪ್‌ಬೆರಿ ಪೈ 4ರಂಥ ಸಣ್ಣ ಬೋರ್ಡಿನಲ್ಲೂ ಆರಾಮಾಗಿ ಓಡುತ್ತದೆ. ಸಬ್‌ಸಾನಿಕ್ ಎಪಿಐ, ಅಂದರೆ ಹಲವು ಸರ್ವರುಗಳೂ ಆ್ಯಪುಗಳೂ ಬಲ್ಲ ಸಾಮಾನ್ಯ ಭಾಷೆ, ಮಾತಾಡುವುದರಿಂದ ಆ್ಯಪುಗಳಿಗೆ ಬರವಿಲ್ಲ: ಆಂಡ್ರಾಯ್ಡಿಗೆ ಸಿಂಫೋನಿಯಂ, ಐಫೋನಿಗೆ ಆಂಪರ್ಫೈ, ಕಂಪ್ಯೂಟರಿಗೆ ಫೀಶಿನ್ ಅಥವಾ ಸೂಪರ್‌ಸಾನಿಕ್. ನಾಳೆ ಸಬ್‌ಸಾನಿಕ್ ಬಲ್ಲ ಇನ್ನೊಂದು ಸರ್ವರಿಗೆ ಹೋದರೂ ಫೋನಿನ ಆ್ಯಪ್ ಹಾಗೇ ಉಳಿಯುತ್ತದೆ.

ಇದು ಫೈಲಿನ ಟ್ಯಾಗನ್ನು ಮುಟ್ಟುವುದೇ ಇಲ್ಲ. ಟ್ಯಾಗ್ ತಿದ್ದುವ ಸೌಲಭ್ಯವೇ ಇದರಲ್ಲಿಲ್ಲ ಎಂದು ಗೊಣಗುವವರಿದ್ದಾರೆ. ನಮಗೆ ಅದೇ ಇದರ ದೊಡ್ಡ ಗುಣ. ಸರ್ವರ್ ಓಡುವ ಕಂಟೈನರಿಗೆ (ಡಾಕರಿನಂಥ ಪ್ರತ್ಯೇಕ ಆವರಣ) ಸಂಗೀತದ ಫೋಲ್ಡರನ್ನು ರೀಡ್-ಓನ್ಲಿಯಾಗಿ, ಅಂದರೆ ಓದುವುದಕ್ಕೆ ಮಾತ್ರ, ಕೊಡಿ. ಆಮೇಲೆ ಸರ್ವರಿನಲ್ಲಿ ಯಾವ ದೋಷವಿದ್ದರೂ ಹಾಡಿಗೆ ಧಕ್ಕೆಯಿಲ್ಲ.

2025ರಲ್ಲಿ ಬಂದ 0.55ನೇ ಆವೃತ್ತಿಯಲ್ಲಿ ಸ್ಕ್ಯಾನರನ್ನು ಹೊಸದಾಗಿ ಬರೆದರು. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಅದು ಹೊಸ ಹಾಡೆಂದು ಪರಿಗಣಿತವಾಗಿ ಹಳೆಯ ಪ್ಲೇ ಕೌಂಟ್ ಕಳೆದುಹೋಗುತ್ತಿತ್ತು. ಈಗ ಪ್ರತಿ ಹಾಡಿಗೂ ಟ್ಯಾಗುಗಳಿಂದ ಕಟ್ಟಿದ ಸ್ಥಿರ ಗುರುತು ಇದೆ. ಮ್ಯೂಸಿಕ್‌ಬ್ರೈನ್ಜ್ ಎಂಬ ಆನ್‌ಲೈನ್ ಸಂಗೀತ ಮಾಹಿತಿ ಕೋಶದ ಐಡಿ ಇದ್ದರೆ ಅದು, ಇಲ್ಲದಿದ್ದರೆ ಆಲ್ಬಮ್, ಡಿಸ್ಕ್, ಟ್ರ್ಯಾಕ್ ಸಂಖ್ಯೆ, ಶೀರ್ಷಿಕೆಗಳ ಜೋಡಿ. ಕಾಣೆಯಾದ ಫೈಲನ್ನು ತಕ್ಷಣ ಅಳಿಸದೆ 'ಕಾಣೆ' ಎಂದು ಗುರುತಿಟ್ಟು ಕಾಯುತ್ತದೆ. ಹಳೆಯ ಆವೃತ್ತಿಯಲ್ಲೇ ಉಳಿದವರು ಫೋಲ್ಡರ್ ಮರುಜೋಡಣೆಗೆ ಕೈಹಾಕುವ ಮುಂಚೆ ಅಪ್‌ಗ್ರೇಡ್ ಮಾಡಿಕೊಳ್ಳಿ. ಅಪ್‌ಗ್ರೇಡಿಗೂ ಮುಂಚೆ ಸರ್ವರ್ ನಿಲ್ಲಿಸಿ ಡೇಟಾ ಫೋಲ್ಡರಿನ ಪ್ರತಿ ತೆಗೆದಿಡಿ.

ಕೊರತೆಗಳೂ ಇವೆ. ಫೋಲ್ಡರ್ ಮರವನ್ನು ಇದ್ದ ಹಾಗೆ ನೋಡಲಾಗದು, ಎಲ್ಲವೂ ಟ್ಯಾಗಿನ ಲೆಕ್ಕ. ಟ್ಯಾಗಿಲ್ಲದ ಫೈಲುಗಳು ಗುರುತಿಲ್ಲದ ಕಲಾವಿದರ ಒಂದು ದೊಡ್ಡ ರಾಶಿಯಲ್ಲಿ ಹೋಗಿ ಬೀಳುತ್ತವೆ. ಸ್ಮಾರ್ಟ್ ಪ್ಲೇಲಿಸ್ಟ್ ಬೇಕಾದರೆ ಜೇಸನ್ ಫೈಲನ್ನು ಕೈಯಾರೆ ಬರೆಯಬೇಕು. ಸಬ್‌ಸಾನಿಕ್ ಎಪಿಐಗೂ ಒಂದು ಮಿತಿಯಿದೆ: ಯಾದೃಚ್ಛಿಕ ಹಾಡು ಕೇಳಿದರೆ ಒಂದು ಸಲಕ್ಕೆ 500ಕ್ಕಿಂತ ಹೆಚ್ಚು ಕೊಡುವುದಿಲ್ಲ. 'ಇಡೀ ಲೈಬ್ರರಿ ಷಫಲ್' ಎನ್ನುವ ಬಟನ್ ಕೆಲವು ಆ್ಯಪುಗಳಲ್ಲಿ ಅದೇ ಐನೂರು ಹಾಡುಗಳಲ್ಲೇ ಗಿರಕಿ ಹೊಡೆಯುವುದು ಇದಕ್ಕೇ. ಸಿಂಫೋನಿಯಂ ಪೂರ್ತಿ ಕ್ಯಾಟಲಾಗನ್ನು ಫೋನಿಗೇ ಇಳಿಸಿಕೊಳ್ಳುವುದರಿಂದ ಅದಕ್ಕೆ ಈ ತೊಡಕಿಲ್ಲ. ಮೊದಲ ಸಿಂಕ್ ಮಾತ್ರ ನಿಧಾನ.

ಸ್ಕ್ಯಾನ್ ಯಾಕೆ ಇಷ್ಟು ಹೊತ್ತು?

ಯಾವ ಸರ್ವರಾದರೂ ಮೊದಲ ಸ್ಕ್ಯಾನಿನಲ್ಲಿ ಪ್ರತಿ ಫೈಲನ್ನೂ ತೆರೆದು ಟ್ಯಾಗ್ ಓದಲೇಬೇಕು. ತಿರುಗುವ ಡಿಸ್ಕಿನಲ್ಲಿ ಒಂದು ಫೈಲಿಗೆ ಎರಡು ಮೂರು ಸೀಕ್ (ಓದುವ ಕೈ ಜಾಗ ಬದಲಿಸುವುದು), ಸೀಕಿಗೆ 10 ಮಿಲಿಸೆಕೆಂಡ್ ಹಿಡಿದರೆ ಲಕ್ಷ ಫೈಲಿಗೆ 35ರಿಂದ 50 ನಿಮಿಷ ಡಿಸ್ಕಿನ ಕೈ ತಿರುಗುವುದಕ್ಕೇ ಹೋಗುತ್ತದೆ. ಪ್ರೊಸೆಸರ್ ಎಷ್ಟೇ ಚುರುಕಾಗಿದ್ದರೂ ಅಷ್ಟೇ. ನೆಟ್‌ವರ್ಕ್ ಶೇರ್ ಮೂಲಕ ಓದಿದರೆ ಪ್ರತಿ ಫೈಲಿಗೂ ಹೋಗಿಬರುವ ವಿಳಂಬ ಸೇರಿ ಇನ್ನೂ ಲಂಬಿಸುತ್ತದೆ.

ಡೇಟಾಬೇಸ್ ಯಾವಾಗಲೂ ಸರ್ವರಿನ ಒಳಗಿನ ಎಸ್‌ಎಸ್‌ಡಿಯಲ್ಲಿರಲಿ, ಹಾಡು ಎಲ್ಲಿ ಬೇಕಾದರೂ ಇರಲಿ. ಎಸ್‌ಕ್ಯೂಲೈಟ್ ಫೈಲನ್ನು ಎನ್‌ಎಫ್‌ಎಸ್ ಅಥವಾ ಎಸ್‌ಎಂಬಿ ಶೇರಿನ ಮೇಲೆ ಇಟ್ಟರೆ ಲಾಕಿಂಗ್ ನೆಚ್ಚುವಂತಿರುವುದಿಲ್ಲ. ಮೊದಮೊದಲು 'ಡೇಟಾಬೇಸ್ ಲಾಕ್ ಆಗಿದೆ' ಎಂಬ ದೂರು ಬರುತ್ತದೆ, ಒಂದು ದಿನ ಫೈಲೇ ಕೆಟ್ಟಿರುತ್ತದೆ.

ಹೊಸ ಆಲ್ಬಮ್ ಹಾಕಿದರೂ ಕಾಣಿಸುತ್ತಿಲ್ಲ ಎನ್ನುವುದಕ್ಕೆ ಎರಡು ಕಾರಣ. ಒಂದು, ಹಾಡುಗಳು ಬೇರೆ ಯಂತ್ರದ ಶೇರಿನಲ್ಲಿದ್ದರೆ ಅಲ್ಲಿ ಆದ ಬದಲಾವಣೆಯ ಸುದ್ದಿ ಐನೋಟಿಫೈ (ಫೋಲ್ಡರ್ ಬದಲಾವಣೆ ತಿಳಿಸುವ ಲಿನಕ್ಸಿನ ವ್ಯವಸ್ಥೆ) ಮೂಲಕ ಇಲ್ಲಿಗೆ ತಲುಪುವುದಿಲ್ಲ. ಅಂಥ ಕಡೆ ದಿನಕ್ಕೊಂದು ಹೊತ್ತಿಗೆ ಸ್ಕ್ಯಾನ್ ನಿಗದಿ ಮಾಡಬೇಕು. ಎರಡು, ಹಳೆಯ ಲಿನಕ್ಸ್ ಕರ್ನಲ್‌ಗಳಲ್ಲಿ ಒಬ್ಬ ಬಳಕೆದಾರನಿಗೆ 8,192 ವಾಚ್ (ಐನೋಟಿಫೈ ಕಾವಲು) ಮಾತ್ರ ಸಿಗುತ್ತಿತ್ತು. ಒಂದು ಫೋಲ್ಡರಿಗೆ ಒಂದು ವಾಚ್ ಎಂದರೆ ಹತ್ತು ಸಾವಿರ ಆಲ್ಬಮಿಗೆ ಸಾಲದು. 5.11ನೇ ಕರ್ನಲ್ಲಿನಿಂದ ಈಚೆಗೆ ಮಿತಿಯು ರ್‍ಯಾಮ್ ನೋಡಿಕೊಂಡು ತಾನೇ ಏರುತ್ತದೆ. ಹಳೆಯದಾದರೆ ಮಿತಿಯನ್ನು 5 ಲಕ್ಷಕ್ಕೆ ಏರಿಸಿಬಿಡಿ.

ಮತ್ತೊಂದು ಎಚ್ಚರ: ಡಿಸ್ಕ್ ಮೌಂಟ್ ಆಗುವ ಮುಂಚೆಯೇ ಸರ್ವರ್ ಎದ್ದು ಖಾಲಿ ಫೋಲ್ಡರ್ ಸ್ಕ್ಯಾನ್ ಮಾಡಿದರೆ ಇಡೀ ಲೈಬ್ರರಿ ಕಾಣೆಯಾಯಿತೆಂದು ಬರೆದುಕೊಳ್ಳಬಹುದು. ಸರ್ವರನ್ನು ಎಬ್ಬಿಸುವ ಲಿನಕ್ಸಿನ ಸಿಸ್ಟಮ್‌ಡಿ ಯುನಿಟ್ ಫೈಲಿನಲ್ಲಿ 'ರಿಕ್ವೈರ್ಸ್ ಮೌಂಟ್ಸ್ ಫಾರ್' ಸಾಲು ಸೇರಿಸಿ ಡಿಸ್ಕಿನ ದಾರಿ ಕೊಟ್ಟರೆ ಈ ಭಯವಿಲ್ಲ.

ಲಿರಿಯನ್: ಮನೆಯ ಸ್ಪೀಕರುಗಳಿಗೆ

ಹಾಡು ಕೇಳುವುದು ಫೋನಿನಲ್ಲೋ, ಮನೆಯ ನಾಲ್ಕು ಕೋಣೆಯ ಸ್ಪೀಕರುಗಳಲ್ಲೋ? ಎರಡನೆಯದಾದರೆ ಲಿರಿಯನ್ ಮ್ಯೂಸಿಕ್ ಸರ್ವರ್ ಮುಂದಿದೆ. ಇದು ಸ್ಲಿಮ್ ಡಿವೈಸಸ್ ಕಂಪನಿಯ ಸ್ಕ್ವೀಜ್‌ಬಾಕ್ಸ್ ಎಂಬ ನೆಟ್‌ವರ್ಕ್ ಪ್ಲೇಯರುಗಳ ಕಾಲದ ತಂತ್ರಾಂಶ. 2006ರಲ್ಲಿ ಆ ಕಂಪನಿಯನ್ನು ಲಾಜಿಟೆಕ್ ಕೊಂಡಿತು, 2012ರಲ್ಲಿ ಸ್ಕ್ವೀಜ್‌ಬಾಕ್ಸ್ ಸರಣಿ ನಿಂತಿತು, ತಂತ್ರಾಂಶ ಮಾತ್ರ ಸಮುದಾಯದ ಕೈಯಲ್ಲಿ ಬದುಕಿ 2024ರಲ್ಲಿ ಲಿರಿಯನ್ ಎಂಬ ಹೆಸರು ಪಡೆಯಿತು. ಒಂದು ಸಣ್ಣ ಪೈ ಬೋರ್ಡಿಗೆ ಪೈಕೋರ್‌ಪ್ಲೇಯರ್ ತಂತ್ರಾಂಶ ಹಾಕಿ ಡಿಎಸಿ (ಡಿಜಿಟಲ್ ಹಾಡನ್ನು ಸ್ಪೀಕರಿಗೆ ಹೋಗುವ ಧ್ವನಿ ಸಂಕೇತವಾಗಿಸುವ ಸಾಧನ) ಜೋಡಿಸಿದರೆ ಒಂದು ಪ್ಲೇಯರ್ ತಯಾರು. ಅಂಥ ಹಲವನ್ನು ಒಂದೇ ತಾಳದಲ್ಲಿ ನುಡಿಸುವುದರಲ್ಲಿ ಉಚಿತ ತಂತ್ರಾಂಶಗಳ ಪೈಕಿ ಇದಕ್ಕೆ ಸಾಟಿಯಿಲ್ಲ.

ವೆಬ್ ಪುಟ 9000ನೇ ಪೋರ್ಟಿನಲ್ಲಿ, ಪ್ಲೇಯರುಗಳ ಮಾತುಕತೆ 3483ರಲ್ಲಿ. ಫೈರ್‌ವಾಲಿನಲ್ಲಿ ಎರಡೂ ತೆರೆದಿರಬೇಕು. ಮೊದಲದನ್ನು ಮಾತ್ರ ತೆರೆದು ಪ್ಲೇಯರ್ ಕಾಣಿಸುತ್ತಿಲ್ಲ ಎಂದು ಒದ್ದಾಡುವವರು ಬಹಳ. ಹಳೆಯ ಮುಖ ನೋಡಿ ಹೆದರಬೇಡಿ, ಮೆಟೀರಿಯಲ್ ಸ್ಕಿನ್ ಹಾಕಿಕೊಂಡರೆ ಚೆಂದವಾಗುತ್ತದೆ. ಪರ್ಲ್‌ನಲ್ಲಿ ಬರೆದದ್ದಾದ್ದರಿಂದ ಲಕ್ಷ ಹಾಡಿನ ಪಟ್ಟಿಗಳು ಸ್ವಲ್ಪ ಕುಂಟುತ್ತವೆ. ರ್‍ಯಾಮ್ ಇದ್ದರೆ ಪರ್ಫಾರ್ಮೆನ್ಸ್ ಸೆಟ್ಟಿಂಗಿನಲ್ಲಿ ಡೇಟಾಬೇಸ್ ಮೆಮೊರಿಯನ್ನು 'ಹೈ'ಗೆ ಏರಿಸಿ, ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಮನೆಯಾಚೆ ಫೋನಿನಲ್ಲಿ ಕೇಳುವುದಕ್ಕೆ ಇದು ಹೇಳಿ ಮಾಡಿಸಿದ್ದಲ್ಲ. ಹಾಗಾಗಿ ಒಂದೇ ಫೋಲ್ಡರಿನ ಮೇಲೆ ಲಿರಿಯನ್ನನ್ನೂ ನ್ಯಾವಿಡ್ರೋಮನ್ನೂ ಒಟ್ಟಿಗೆ ಓಡಿಸುವುದುಂಟು. ಎರಡೂ ಫೈಲನ್ನು ಓದುವುದಷ್ಟೇ ಆದ್ದರಿಂದ ಜಗಳವಿಲ್ಲ.

ಜೆಲ್ಲಿಫಿನ್, ಪ್ಲೆಕ್ಸ್, ಉಳಿದವು

ಜೆಲ್ಲಿಫಿನ್ 2018ರ ಕೊನೆಯಲ್ಲಿ ಎಂಬಿ (Emby) ಎಂಬ ಮೀಡಿಯಾ ಸರ್ವರಿನಿಂದ ಕವಲೊಡೆದ ಯೋಜನೆ. ಸಿನಿಮಾ, ಧಾರಾವಾಹಿಗಳಿಗೆ ಈಗಾಗಲೇ ಹಾಕಿಕೊಂಡಿದ್ದು, ಹಾಡು ಇಪ್ಪತ್ತು ಸಾವಿರದೊಳಗೆ ಇದ್ದರೆ ಇನ್ನೊಂದು ಸರ್ವರ್ ಯಾಕೆ ಎನ್ನುವುದು ನ್ಯಾಯವೇ. ಲಕ್ಷಕ್ಕೆ ನಾವು ಶಿಫಾರಸು ಮಾಡುವುದಿಲ್ಲ. ಇದು ಫೋಲ್ಡರ್ ರಚನೆಯನ್ನು ತುಂಬ ನೆಚ್ಚುತ್ತದೆ: ಒಂದು ಆಲ್ಬಮಿಗೆ ಒಂದು ಫೋಲ್ಡರ್ ಇರಬೇಕು. ಬಿಡಿ ಹಾಡುಗಳ ರಾಶಿಯಿದ್ದ ಫೋಲ್ಡರ್ ಕಂಡರೆ ಗಲಿಬಿಲಿ. ಐಟಂನ ಗುರುತು ಫೈಲಿನ ದಾರಿಯಿಂದಲೇ ಹುಟ್ಟುವುದರಿಂದ ಫೋಲ್ಡರ್ ಹೆಸರು ಬದಲಾದರೆ ಅದು ಹೊಸ ಐಟಂ. ಮೇಲಾಗಿ ಲೈಬ್ರರಿ ಸೇರಿಸುವಾಗ ಮೆಟಾಡೇಟಾವನ್ನು (ಹಾಡಿನ ವಿವರಗಳನ್ನು) ಮೀಡಿಯಾ ಫೋಲ್ಡರಿಗೇ ಉಳಿಸುವ ಆಯ್ಕೆಗಳಿವೆ. ಅವನ್ನು ಆನ್ ಮಾಡಿದರೆ ಆಲ್ಬಮ್ ಫೋಲ್ಡರುಗಳ ತುಂಬ ವಿವರ ಬರೆದಿಟ್ಟ ಎನ್‌ಎಫ್‌ಒ ಫೈಲುಗಳು, ಚಿತ್ರಗಳು. ಫೋನಿಗೆ ಫಿನ್ಯಾಂಪ್ ಬಳಸಿ, ಮೂಲ ಆ್ಯಪಿಗಿಂತ ಹಾಡಿಗೆ ಅದು ಮೇಲು.

ಇನ್ನೊಂದು ಮೀಡಿಯಾ ಸರ್ವರ್ ಪ್ಲೆಕ್ಸಿನ ಆಕರ್ಷಣೆ ಅದರ ಸಂಗೀತದ ಆ್ಯಪ್ ಪ್ಲೆಕ್ಸ್ಯಾಂಪ್. ಆ್ಯಪಿನ ನಯ, ಗ್ಯಾಪ್‌ಲೆಸ್, ಲೌಡ್‌ನೆಸ್ ಸಮತೋಲನ, ಧ್ವನಿಯ ಹೋಲಿಕೆಯಿಂದ ತಾನೇ ರೇಡಿಯೊ ಕಟ್ಟುವ ಜಾಣ್ಮೆ, ಇವುಗಳಲ್ಲಿ ಇದನ್ನು ಮೀರಿಸಿದ್ದು ಕಡಿಮೆ. ಬೆಲೆಯೂ ಇದೆ. ಧ್ವನಿ ವಿಶ್ಲೇಷಣೆಗೆ ಹಣ ಕೊಟ್ಟು ಪಡೆಯುವ ಪ್ಲೆಕ್ಸ್ ಪಾಸ್ ಬೇಕು, ಲಾಗಿನ್ ಅವರ ಖಾತೆಯ ಮೂಲಕ, ತಂತ್ರಾಂಶ ಮುಚ್ಚಿದ ಪೆಟ್ಟಿಗೆ. ಲಕ್ಷ ಹಾಡಿನ ಧ್ವನಿ ವಿಶ್ಲೇಷಣೆ ಸಣ್ಣ ಪ್ರೊಸೆಸರನ್ನು ದಿನಗಟ್ಟಲೆ ದುಡಿಸುತ್ತದೆ. ಲೈಬ್ರರಿ ಸೇರಿಸುವಾಗಲೇ 'ಲೋಕಲ್ ಮೆಟಾಡೇಟಾ'ಗೆ ಆದ್ಯತೆ ಕೊಡುವ ಸೆಟ್ಟಿಂಗ್ ಹಾಕಿ. ಮರೆತರೆ ನೀವು ಕಷ್ಟಪಟ್ಟು ಹಾಕಿದ ಟ್ಯಾಗನ್ನು ಬದಿಗೊತ್ತಿ ತನ್ನ ಆನ್‌ಲೈನ್ ಹೊಂದಿಕೆಯನ್ನೇ ತೋರಿಸುತ್ತದೆ. ಅಪರೂಪದ ಧ್ವನಿಮುದ್ರಣಗಳಲ್ಲಿ ಆ ಹೊಂದಿಕೆ ಯಾವ ಊರಿಗೋ ಹೋಗಿರುತ್ತದೆ.

ರೂನ್ ಬಗ್ಗೆ ಒಂದೇ ಮಾತು: ಸಂಯೋಜಕ, ನಿರ್ದೇಶಕ, ವಾದ್ಯಗಾರರ ನಡುವಿನ ಕೊಂಡಿ ಹಿಡಿದು ಲೈಬ್ರರಿ ಸುತ್ತುವ ಸುಖ ಬೇರೆಲ್ಲೂ ಇಲ್ಲ. ಚಂದಾ ಕಟ್ಟಬೇಕು, ಎಸ್‌ಎಸ್‌ಡಿ ಮತ್ತು ಗಟ್ಟಿ ಪ್ರೊಸೆಸರ್ ಬೇಕು.

ಸರ್ವರನ್ನೇ ಡಿಎಸಿಗೆ ಜೋಡಿಸಿದ್ದರೆ, ಹಾಡನ್ನು ಅಲ್ಲೇ ನುಡಿಸುವ ಎಂಪಿಡಿ (ಮ್ಯೂಸಿಕ್ ಪ್ಲೇಯರ್ ಡೀಮನ್). ಅದರಷ್ಟು ಹಗುರ ಬೇರೆ ಇಲ್ಲ. ಆದರೆ ದೊಡ್ಡ ಲೈಬ್ರರಿಗೆ ಅದರ ಎರಡು ಪೂರ್ವನಿಗದಿ ಅಂಕಿಗಳು ಅಡ್ಡ ಬರುತ್ತವೆ. ಕ್ಯೂ ಮಿತಿ 16,384 ಹಾಡು. 'ಎಲ್ಲ ಸೇರಿಸು' ಎಂದರೆ ಅಲ್ಲಿಗೇ ನಿಲ್ಲುತ್ತದೆ. ಔಟ್‌ಪುಟ್ ಬಫರ್ ಮಿತಿ 8,192 ಕಿಲೋಬೈಟ್. ಆ್ಯಪ್ ಇಡೀ ಪಟ್ಟಿಯನ್ನು ಒಂದೇ ಸಲ ಕೇಳಿ ಆ ಮಿತಿ ಮೀರಿದೊಡನೆ ಎಂಪಿಡಿಯೇ ಅದರ ಸಂಪರ್ಕ ಕಡಿಯುತ್ತದೆ, ನೋಡುವವರಿಗೆ ಆ್ಯಪ್ ಕ್ರ್ಯಾಶ್ ಆದಂತೆ ಕಾಣುತ್ತದೆ. ಎರಡನ್ನೂ ಕಾನ್ಫಿಗ್ ಫೈಲಿನಲ್ಲಿ ಹತ್ತು ಪಟ್ಟು ಏರಿಸಿದರೆ ಲಕ್ಷಕ್ಕೆ ಸಾಕು.

ಟ್ಯಾಗೇ ಬೇಡ, ವರ್ಷಗಳಿಂದ ಕಟ್ಟಿದ ಫೋಲ್ಡರ್ ಮರವೇ ನನ್ನ ಕ್ಯಾಟಲಾಗ್ ಎನ್ನುವವರು ಗಾನಿಕ್ ನೋಡಿ. ಅದೂ ಸಬ್‌ಸಾನಿಕ್ ಎಪಿಐಯದೇ, ಫೋಲ್ಡರ್ ಪ್ರಕಾರ ಹುಡುಕಲು ಬಿಡುತ್ತದೆ.

ಟ್ಯಾಗರ್: ಪಿಕಾರ್ಡ್, ಬೀಟ್ಸ್, ಎಂಪಿ3ಟ್ಯಾಗ್

ಮೂರೂ ಟ್ಯಾಗ್ ತಿದ್ದುವ ತಂತ್ರಾಂಶಗಳೇ, ಆದರೆ ಮಾಡುವ ಕೆಲಸ ಬೇರೆ ಬೇರೆ, ಒಂದನ್ನೇ ಆರಿಸಬೇಕೆಂದಿಲ್ಲ. ಪಿಕಾರ್ಡ್ ಕಣ್ಣಿಟ್ಟು ನೋಡಿ ತೀರ್ಮಾನಿಸುವವರಿಗೆ. ಆದರೆ ಇಡೀ ಲೈಬ್ರರಿಯನ್ನು ಅದರೊಳಗೆ ಎಳೆದು ಹಾಕಿದರೆ ಮೆಮೊರಿ ಉಬ್ಬಿ ಕಿಟಕಿ ಹೆಪ್ಪುಗಟ್ಟುತ್ತದೆ. ಒಂದು ಸಲಕ್ಕೆ ಮುನ್ನೂರು, ಐನೂರು ಫೈಲು ಸಾಕು. ಮೊದಲು ಆಲ್ಬಮ್ ಪ್ರಕಾರ ಗುಂಪು ಮಾಡುವ 'ಕ್ಲಸ್ಟರ್', ಆಮೇಲೆ ಮ್ಯೂಸಿಕ್‌ಬ್ರೈನ್ಜ್‌ನಲ್ಲಿ ಹುಡುಕುವ 'ಲುಕಪ್'. ಧ್ವನಿಯ ಬೆರಳಚ್ಚು ತೆಗೆಯುವ 'ಸ್ಕ್ಯಾನ್' ಟ್ಯಾಗೇ ಇಲ್ಲದ ಫೈಲುಗಳಿಗೆ ಕೊನೆಯ ಅಸ್ತ್ರ. ಅದು ಹಾಡನ್ನು ಗುರುತಿಸುತ್ತದೆ, ಯಾವ ಆಲ್ಬಮ್ ಎಂದು ಹೇಳಲಾರದು. ಒಂದೇ ಆಲ್ಬಮಿನ ಹನ್ನೆರಡು ಹಾಡನ್ನು ಏಳು ಸಂಕಲನಗಳಿಗೆ ಹಂಚಿಬಿಡುವುದು ಹೀಗೆಯೇ.

ಬೀಟ್ಸ್ ಕಮಾಂಡ್ ಲೈನಿನದು, ಸಾವಿರಾರು ಆಲ್ಬಮಿಗೆ ಇದೇ ಸೂಕ್ತ. ಬಲವಾದ ಹೊಂದಿಕೆ ಸಿಕ್ಕಿದ್ದನ್ನು ತಾನೇ ಬರೆದು, ಅನುಮಾನ ಬಂದದ್ದನ್ನು ಬಿಟ್ಟು ಮುಂದೆ ಹೋಗುವಂತೆ 'ಕ್ವಯಟ್' ರೀತಿಯಲ್ಲಿ ಮೊದಲ ಸುತ್ತು ಓಡಿಸಿ. ಉಳಿದದ್ದನ್ನು ಎರಡನೇ ಸುತ್ತಿನಲ್ಲಿ ಕೈಯಾರೆ ನೋಡಿ. 'ಇನ್‌ಕ್ರಿಮೆಂಟಲ್' ಆನ್ ಇದ್ದರೆ ನಡುವೆ ನಿಂತರೂ ಮೊದಲಿಂದ ಶುರುವಾಗದು. ಮ್ಯೂಸಿಕ್‌ಬ್ರೈನ್ಜ್ ಸೆಕೆಂಡಿಗೆ ಒಂದು ಕೋರಿಕೆಗಿಂತ ಹೆಚ್ಚು ಒಪ್ಪುವುದಿಲ್ಲ. ಆಲ್ಬಮಿಗೆ ಆರು ಕೋರಿಕೆ ಹಿಡಿದರೆ ಎಂಟು ಸಾವಿರ ಆಲ್ಬಮಿಗೆ 13 ಗಂಟೆ. ರಾತ್ರಿ ಬಿಟ್ಟು ಮಲಗುವ ಕೆಲಸ ಇದು. ಎಂಪಿ3ಟ್ಯಾಗಿನ ಬಲವಿರುವುದು ಇಂಟರ್ನೆಟ್ ಹೊಂದಿಕೆಗಿಂತ ಇರುವ ಟ್ಯಾಗಿನ ಸಾಮೂಹಿಕ ತಿದ್ದುಪಡಿಯಲ್ಲಿ. ಫೈಲ್ ಹೆಸರಿನಿಂದ ಟ್ಯಾಗ್ ಎತ್ತುವುದರಲ್ಲಿ ಪಳಗಿದ ಕೈ.

ಯಾವುದನ್ನು ಬಳಸಿದರೂ ಎಲ್ಲಕ್ಕಿಂತ ಮುಖ್ಯ 'ಆಲ್ಬಮ್ ಆರ್ಟಿಸ್ಟ್' ಟ್ಯಾಗ್. ಸಿನಿಮಾ ಆಲ್ಬಮ್ ತೆಗೆದುಕೊಳ್ಳಿ: ಆರು ಹಾಡು, ಆರು ಗಾಯಕರು. ಈ ಟ್ಯಾಗ್ ಖಾಲಿಯಿದ್ದರೆ ಸರ್ವರ್ ಆಲ್ಬಮನ್ನು ಗಾಯಕರ ಲೆಕ್ಕದಲ್ಲಿ ಒಡೆಯಬಹುದು, ಅಥವಾ 'ವೇರಿಯಸ್ ಆರ್ಟಿಸ್ಟ್ಸ್' ಎಂಬ ಗುಡ್ಡೆಗೆ ಹಾಕಬಹುದು. ಆರೂ ಹಾಡಿಗೆ ಸಂಗೀತ ನಿರ್ದೇಶಕರ ಹೆಸರನ್ನು ಆಲ್ಬಮ್ ಆರ್ಟಿಸ್ಟ್ ಆಗಿ, ಅಕ್ಷರವೂ ವ್ಯತ್ಯಾಸವಿಲ್ಲದೆ ಕೊಟ್ಟರೆ ಒಂದಾಗುತ್ತವೆ. ಇಬ್ಬರು ಗಾಯಕರಿದ್ದಾಗ ಫ್ಲ್ಯಾಕ್‌ನಲ್ಲಿ ಆರ್ಟಿಸ್ಟ್ ಟ್ಯಾಗನ್ನೇ ಎರಡು ಸಲ ಬರೆಯಬಹುದು. ಎಂಪಿ3ಯ ಐಡಿ3 ಟ್ಯಾಗಿನ ಹಳೆಯ 2.3 ಆವೃತ್ತಿಯಲ್ಲಿ ಹೆಸರುಗಳ ನಡುವೆ ಓರೆಗೆರೆ ಹಾಕುವ ರೂಢಿಯಿಂದ 'ಎಸಿ/ಡಿಸಿ'ಯಂಥ ಬ್ಯಾಂಡಿನ ಹೆಸರು ಇಬ್ಬರು ಕಲಾವಿದರಾಗಿ ಒಡೆಯುತ್ತದೆ. 2.4 ಬಳಸಿ.

ಮುಖಪುಟವನ್ನು ಪ್ರತಿ ಫೈಲಿನೊಳಗೂ ತುರುಕಬೇಡಿ. 1 ಎಂಬಿಯ ಚಿತ್ರ ಲಕ್ಷ ಫೈಲಿನಲ್ಲಿ ಕೂತರೆ 100 ಜಿಬಿ. ಫೋಲ್ಡರಿಗೊಂದು 'ಕವರ್' ಜೆಪೆಗ್, 1,000 ಪಿಕ್ಸೆಲ್ ಅಗಲ, ಸಾಕು. ಇದರ ಹಿಂದೆ ಇನ್ನೊಂದು ಲೆಕ್ಕವೂ ಇದೆ. ಫ್ಲ್ಯಾಕ್ ಫೈಲಿನ ತಲೆಯಲ್ಲಿ ಸಾಮಾನ್ಯವಾಗಿ 8 ಕಿಲೋಬೈಟ್ ಖಾಲಿ ಜಾಗ ಬಿಟ್ಟಿರುತ್ತಾರೆ. ಟ್ಯಾಗ್ ತಿದ್ದುಪಡಿ ಅದರೊಳಗೆ ಹಿಡಿಸಿದರೆ ಫೈಲಿನ ತಲೆಯಷ್ಟೇ ಬದಲಾಗುತ್ತದೆ. ಚಿತ್ರ ತುರುಕಿದರೆ ಜಾಗ ಸಾಲದೆ 30 ಎಂಬಿಯ ಫೈಲ್ ಪೂರ್ತಿ ಹೊಸದಾಗಿ ಬರೆಯಲ್ಪಡುತ್ತದೆ. ಲಕ್ಷ ಫೈಲಿಗೆ ಅದು 3 ಟಿಬಿ ಬರವಣಿಗೆ.

ಹಾಡಿನಿಂದ ಹಾಡಿಗೆ ಧ್ವನಿ ಮಟ್ಟ ಏರಿಳಿಯದಿರಲು ಆರ್‌ಎಸ್‌ಗೇನ್ ಎಂಬ ಉಪಕರಣ ಓಡಿಸಿ. ರಿಪ್ಲೇಗೇನ್ 2.0 ಪ್ರಕಾರ ಮೈನಸ್ 18 ಎಲ್‌ಯುಎಫ್‌ಎಸ್ (ಧ್ವನಿಯ ಜೋರಿನ ಅಳತೆ) ಗುರಿ ಇಟ್ಟು ಟ್ಯಾಗ್ ಬರೆಯುತ್ತದೆ, ಆಡಿಯೊ ಮುಟ್ಟುವುದಿಲ್ಲ. ಟ್ಯಾಗ್ ಕೆಲಸ, ಗೇನ್, ಚಿತ್ರ ಮೂರೂ ಒಂದೇ ಸುತ್ತಿನಲ್ಲಿ ಮುಗಿಯಲಿ.

ಕನ್ನಡ ಹೆಸರಿನ ಫೈಲುಗಳು

ಕನ್ನಡ ಲಿಪಿಯಲ್ಲಿ ಫೈಲಿಗೆ ಹೆಸರಿಡುವವರಿಗೆ ಎರಡು ವಿಶೇಷ ತೊಡಕು. ಲಿನಕ್ಸಿನ ಎಕ್ಸ್ಟ್4 ಫೈಲ್ ವ್ಯವಸ್ಥೆಯಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಅಂದರೆ 85 ಸಂಕೇತ. 'ಸ್ತ್ರೀ' ಎಂಬ ಒಂದಕ್ಷರವೇ ಆರು ಸಂಕೇತ, 18 ಬೈಟ್: ಸ, ವಿರಾಮ, ತ, ವಿರಾಮ, ರ, ಈಕಾರದ ಗುರುತು. ಹಾಡಿನ ಮೊದಲ ಸಾಲು, ಸಿನಿಮಾ, ಗಾಯಕರು ಎಲ್ಲ ಹೆಸರಿನಲ್ಲಿ ತುಂಬಿದರೆ ಮಿತಿ ಬೇಗ ಮುಟ್ಟುತ್ತದೆ. ಸಿನಾಲಜಿ ಕಂಪನಿಯ ನೆಟ್‌ವರ್ಕ್ ಡಿಸ್ಕ್ ಪೆಟ್ಟಿಗೆಗಳಲ್ಲಿ ಎನ್‌ಕ್ರಿಪ್ಟ್ ಮಾಡಿದ ಶೇರ್ಡ್ ಫೋಲ್ಡರಿನಲ್ಲಿ ಮಿತಿ 143 ಬೈಟ್, ಅಂದರೆ 47 ಸಂಕೇತ ಮಾತ್ರ. ಅಲ್ಲಿಗೆ ನಕಲು ಮಾಡುವಾಗ ಕೆಲವು ಫೈಲು ನಡುವೆಯೇ ನಿಂತರೆ ಕಾರಣ ಹುಡುಕಿ ಅಲೆಯಬೇಡಿ.

ಎರಡನೆಯದು ಇನ್ನೂ ಸೂಕ್ಷ್ಮ. 'ಕೋ' ಎಂಬುದರ ಸ್ವರಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘದ ಗುರುತು ಎಂದು ಮೂರು ಬಿಡಿ ಸಂಕೇತವಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಳೆಯ ಮ್ಯಾಕ್ ಫೈಲ್ ವ್ಯವಸ್ಥೆ ಬಿಡಿಸಿದ ರೂಪ ಇಡುತ್ತಿತ್ತು, ಲಿನಕ್ಸ್ ಕೊಟ್ಟಿದ್ದನ್ನು ಹಾಗೇ ಇಡುತ್ತದೆ. ಹಾಗಾಗಿ ಮ್ಯಾಕಿನಿಂದ ಆರ್‌ಸಿಂಕ್ ಮಾಡಿದ ಆಲ್ಬಮ್ ಸರ್ವರಿನಲ್ಲಿ ಒಂದೇ ಹೆಸರಿನ ಎರಡು ಫೋಲ್ಡರಾಗಿ ಕಾಣಿಸುತ್ತದೆ, ಪ್ಲೇಲಿಸ್ಟ್ ಫೈಲಿನಲ್ಲಿ ಬರೆದ ದಾರಿ ಸಿಗುವುದಿಲ್ಲ. ಕಾನ್ವ್‌ಎಂವಿ ಎಂಬ ಉಪಕರಣ ಹೆಸರುಗಳನ್ನೆಲ್ಲ ಕೂಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ ತರುತ್ತದೆ. ಮೊದಲ ಓಟದಲ್ಲಿ ಏನನ್ನೂ ಬದಲಿಸದೆ ಪಟ್ಟಿ ಮಾತ್ರ ತೋರಿಸುತ್ತದೆ. ಅದನ್ನು ಓದಿ ನೋಡಿದ ಮೇಲೆ ನಿಜವಾಗಿ ಓಡಿಸಿ. ಟ್ಯಾಗಿನೊಳಗಿನ ಹೆಸರುಗಳಿಗೂ ಇದೇ ರೋಗ ತಗಲುತ್ತದೆ: ಒಬ್ಬನೇ ಕಲಾವಿದ ಪಟ್ಟಿಯಲ್ಲಿ ಎರಡು ಸಲ ಕಂಡು, ಕಾಗುಣಿತದಲ್ಲಿ ವ್ಯತ್ಯಾಸ ಕಾಣದಿದ್ದರೆ ಕಾರಣ ಇದೇ ಇರಬಹುದು.

ಡಿಸ್ಕ್ ಜೋಡಣೆ

ಹಾಡಿನ ಲೈಬ್ರರಿ ಒಮ್ಮೆ ಬರೆದು ಸಾವಿರ ಸಲ ಓದುವಂಥದ್ದು. ವೇಗ ಮುಖ್ಯವಲ್ಲ. ಒಂದೇ ದೊಡ್ಡ ಡಿಸ್ಕ್ ಮತ್ತು ಬ್ಯಾಕಪ್ಪಿಗೆ ಇನ್ನೆರಡು, ಇಷ್ಟರಲ್ಲಿ 3 ಟಿಬಿ ಲೈಬ್ರರಿ ನೆಮ್ಮದಿಯಾಗಿರುತ್ತದೆ. ನಾಲ್ಕು ಡಿಸ್ಕಿನ ರೇಡ್ (ಒಂದು ಕೆಟ್ಟರೂ ಡೇಟಾ ಉಳಿಯುವಂಥ ಜೋಡಣೆ) ಕಟ್ಟಿ ಬ್ಯಾಕಪ್ ಇಲ್ಲದಿರುವುದಕ್ಕಿಂತ ಇದು ಎಷ್ಟೋ ವಾಸಿ. ದೊಡ್ಡ ಲೈಬ್ರರಿಗೆ ಡಿಸ್ಕ್ ಸಾಯುವುದಕ್ಕಿಂತ ಹೆಚ್ಚಿನ ಅಪಾಯ ತಪ್ಪಾಗಿ ಓಡಿದ ಸಾಮೂಹಿಕ ಟ್ಯಾಗ್ ಕಮಾಂಡಿನದು. ರೇಡ್ ಆ ತಪ್ಪನ್ನು ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕಿಗೂ ಬರೆಯುತ್ತದೆ.

ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಎರಡು ಡಿಸ್ಕಿಗೂ ಒಂದೇ ಪ್ರತಿ ಬರೆಯುವ ಮಿರರ್ ಹಾಕುವುದಾದರೆ ರೆಕಾರ್ಡ್ ಸೈಜ್ 1 ಎಂಬಿ ಇಡಿ, ಓದಿದ ಹೊತ್ತು ಬರೆದಿಡುವ ಎಟೈಮ್ ಆಫ್ ಮಾಡಿ, ಒಂದೇ ಥರದ ತುಂಡುಗಳನ್ನು ಒಮ್ಮೆ ಮಾತ್ರ ಇಡುವ ಡೀಡ್ಯೂಪ್ ಮುಟ್ಟಬೇಡಿ. ಫ್ಲ್ಯಾಕ್‌ನಲ್ಲಿ ಅದರಿಂದ ಗಿಟ್ಟುವುದು ಏನೂ ಇಲ್ಲ, ರ್‍ಯಾಮ್ ಮಾತ್ರ ಖಾಲಿ. ಟ್ಯಾಗ್ ಸುತ್ತಿಗೆ ಮುಂಚೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ತಪ್ಪು ಸೆಕೆಂಡಿನಲ್ಲಿ ಹಿಂದಕ್ಕೆ. ಆದರೆ ಚಿತ್ರ ತುರುಕಿ ಎಲ್ಲ ಫೈಲು ಹೊಸದಾಗಿ ಬರೆಯಲ್ಪಟ್ಟರೆ ಆ ಸ್ನ್ಯಾಪ್‌ಶಾಟ್ ಹಳೆಯ 3 ಟಿಬಿಯನ್ನು ಪೂರ್ತಿ ಹಿಡಿದುಕೊಂಡು ಕೂರುತ್ತದೆ, ಜಾಗ ಇದೆಯೇ ನೋಡಿಕೊಳ್ಳಿ. ಎಸ್‌ಎಂಆರ್ ಬಗೆಯ (ಟ್ರ್ಯಾಕುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ) ಡಿಸ್ಕ್ ಇಲ್ಲಿ ಬೇಡ, ಕೆಟ್ಟ ಡಿಸ್ಕಿನ ಬದಲಿಗೆ ಹೊಸದನ್ನು ತುಂಬಿಸುವಾಗ ಅದು ತೆವಳುತ್ತದೆ. ಬ್ಯಾಕಪ್ಪಿಗೆ ಪರವಾಗಿಲ್ಲ.

ಬೇರೆ ಬೇರೆ ಗಾತ್ರದ ಹಳೆಯ ಡಿಸ್ಕುಗಳಿದ್ದರೆ ಅವನ್ನು ಒಂದೇ ಫೋಲ್ಡರಿನಂತೆ ತೋರಿಸುವ ಮರ್ಜರ್‌ಎಫ್‌ಎಸ್, ಜೊತೆಗೆ ಕೆಟ್ಟ ಡಿಸ್ಕಿನ ಫೈಲು ಮರಳಿ ಕಟ್ಟಲು ಬೇಕಾದ ಲೆಕ್ಕವನ್ನು (ಪ್ಯಾರಿಟಿ) ಬೇರೆ ಡಿಸ್ಕಿನಲ್ಲಿಡುವ ಸ್ನ್ಯಾಪ್‌ರೇಡ್. ಪ್ಯಾರಿಟಿ ಡಿಸ್ಕ್ ಉಳಿದೆಲ್ಲಕ್ಕಿಂತ ದೊಡ್ಡದು ಅಥವಾ ಸಮ ಇರಬೇಕು. ಪ್ಯಾರಿಟಿ ಹೊಸದು ಮಾಡಲು ರಾತ್ರಿಗೊಂದು ಸಿಂಕ್, ಡೇಟಾ ಕೆಟ್ಟಿದೆಯೇ ನೋಡಲು ವಾರಕ್ಕೊಂದು ಸ್ಕ್ರಬ್. ಹೊಸ ಆಲ್ಬಮ್ ನಿಧಾನವಾಗಿ ಸೇರುವ ಲೈಬ್ರರಿಗೆ ಒಳ್ಳೆಯ ಹೊಂದಿಕೆ. ಸಾಮೂಹಿಕ ಟ್ಯಾಗ್ ತಿದ್ದುಪಡಿಯ ದಿನ ಮಾತ್ರ ಇದು ದುರ್ಬಲ: ತಿದ್ದಿದ ಫೈಲುಗಳ ಹಳೆಯ ಬ್ಲಾಕುಗಳನ್ನು ನಂಬಿ ಪ್ಯಾರಿಟಿ ಕಟ್ಟಿರುತ್ತದೆ, ಮುಂದಿನ ಸಿಂಕ್ ಮುಗಿಯುವ ಮುಂಚೆ ಬೇರೊಂದು ಡಿಸ್ಕ್ ಹೋದರೆ ಅದರ ಕೆಲವು ಫೈಲು ವಾಪಸ್ ಬರುವುದಿಲ್ಲ. ಅಂಥ ದಿನ ರಾತ್ರಿಗೆ ಕಾಯದೆ ಕೂಡಲೇ ಸಿಂಕ್ ಓಡಿಸಿ.

ಎಕ್ಸ್ಟ್4ಗೆ ಡೇಟಾ ಚೆಕ್‌ಸಮ್ (ಫೈಲು ಕೆಟ್ಟಿದೆಯೇ ಎಂದು ತಾಳೆ ನೋಡುವ ಅಂಕಿ) ಇಲ್ಲ. ಆದರೆ ಫ್ಲ್ಯಾಕ್ ಫೈಲಿನೊಳಗೇ ಮೂಲ ಆಡಿಯೊದ ಎಂಡಿ5 ಎಂಬ ಅಂಥದೇ ಚೆಕ್‌ಸಮ್ ಇರುತ್ತದೆ. ಫ್ಲ್ಯಾಕ್ ಕಮಾಂಡಿನ 'ಟೆಸ್ಟ್' ಆಯ್ಕೆ ಫೈಲನ್ನು ಬಿಡಿಸಿ ಅದಕ್ಕೆ ತಾಳೆ ನೋಡುತ್ತದೆ. ಸೆಕೆಂಡಿಗೆ 150 ಎಂಬಿ ಓದುವ ಡಿಸ್ಕಿನಲ್ಲಿ 3 ಟಿಬಿಗೆ ಐದೂವರೆ ಗಂಟೆ. ವರ್ಷಕ್ಕೆರಡು ಸಲ ಸಾಕು. ಟ್ಯಾಗ್ ಬದಲಾದರೂ ಈ ಎಂಡಿ5 ಬದಲಾಗುವುದಿಲ್ಲ ಎಂಬುದು ದೊಡ್ಡ ಅನುಕೂಲ. ಎಂಪಿ3ಗೆ ಇಂಥ ಸೌಲಭ್ಯವಿಲ್ಲ, ಅವುಗಳ ಚೆಕ್‌ಸಮ್ ಪಟ್ಟಿಯನ್ನು ನಾವೇ ಮಾಡಿಟ್ಟುಕೊಳ್ಳಬೇಕು.

ಬ್ಯಾಕಪ್ಪಿಗೆ ರೆಸ್ಟಿಕ್ ಅಥವಾ ಬೋರ್ಗ್ ತಂತ್ರಾಂಶ. ಎರಡೂ ಫೈಲನ್ನು ಅದರ ಒಳವಸ್ತುವಿನ ಪ್ರಕಾರ ತುಂಡರಿಸುವುದರಿಂದ ಟ್ಯಾಗ್ ಬದಲಾದ ಫೈಲಿನಲ್ಲಿ ತಲೆಯ ಒಂದೆರಡು ತುಂಡು ಮಾತ್ರ ಹೊಸದಾಗಿ ಹೋಗುತ್ತದೆ. ಸರ್ವರಿನ ಡೇಟಾಬೇಸನ್ನು ಓಡುತ್ತಿರುವಾಗ ಸುಮ್ಮನೆ ನಕಲಿಸಬೇಡಿ. ಸರ್ವರ್ ನಿಲ್ಲಿಸಿ, ಇಲ್ಲವೇ ಎಸ್‌ಕ್ಯೂಲೈಟಿನ ಬ್ಯಾಕಪ್ ಕಮಾಂಡ್ ಬಳಸಿ.

ಮನೆಯಾಚೆ ಕೇಳುವುದು

ಸಿಡಿ ಗುಣಮಟ್ಟದ ಫ್ಲ್ಯಾಕ್‌ಗೆ ಸೆಕೆಂಡಿಗೆ 700ರಿಂದ 1,000 ಕಿಲೋಬಿಟ್ ಬೇಕು. ಮೊಬೈಲ್ ಡೇಟಾದಲ್ಲಿ ಓಪಸ್ ಎಂಬ ಹಗುರ ಫಾರ್ಮ್ಯಾಟಿನ 128 ಕೆಬಿಪಿಎಸ್‌ಗೆ ಟ್ರಾನ್ಸ್‌ಕೋಡ್ ಮಾಡಿಸಿ (ಕಳಿಸುವಾಗಲೇ ಸರ್ವರಿನಿಂದ ಪರಿವರ್ತಿಸಿ), ನಿಮಿಷಕ್ಕೆ 1 ಎಂಬಿಯೊಳಗೆ ಮುಗಿಯುತ್ತದೆ. ಹಳೆಯ ಐಫೋನ್ ಓಪಸ್‌ಗೆ ಮುಖ ತಿರುಗಿಸಿದರೆ ಎಂಪಿ3ಗೆ ಬದಲಿಸಿ. ಟ್ರಾನ್ಸ್‌ಕೋಡ್ ಆಗುತ್ತಿರುವಾಗ ಫೈಲಿನ ಒಟ್ಟು ಗಾತ್ರ ಆ್ಯಪಿಗೆ ಗೊತ್ತಿರದ ಕಾರಣ ಹಾಡಿನ ನಡುವಿಗೆ ಹಾರಿದರೆ ಕೆಲವೊಮ್ಮೆ ಮೊದಲಿಂದ ಶುರುವಾಗುತ್ತದೆ. ಆಫ್‌ಲೈನ್ ಇಳಿಸಿಕೊಂಡದ್ದಕ್ಕೆ ಈ ಕಾಟವಿಲ್ಲ.

ಪೋರ್ಟನ್ನು ನೇರ ಇಂಟರ್ನೆಟ್ಟಿಗೆ ತೆರೆಯುವ ಬದಲು ಮನೆಯ ನೆಟ್‌ವರ್ಕಿಗೆ ಖಾಸಗಿ ಸುರಂಗ ಕೊರೆಯುವ ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್ ಹಾಕಿ. ಸೇವಾದಾರರು ಹಲವು ಮನೆಗಳಿಗೆ ಒಂದೇ ಐಪಿ ಹಂಚಿದ್ದರೆ ಪೋರ್ಟ್ ಫಾರ್ವರ್ಡಿಂಗ್ ಕೆಲಸವನ್ನೇ ಮಾಡದು, ಆಗ ಟೇಲ್‌ಸ್ಕೇಲಿನಂಥದ್ದೇ ಸುಲಭದ ದಾರಿ. ಸಬ್‌ಸಾನಿಕ್ ಬಳಸುವವರಿಗೆ ಇನ್ನೊಂದು ಮಾತು: ಅದರ ಲಾಗಿನ್ ವಿಧಾನದಲ್ಲಿ ಪಾಸ್‌ವರ್ಡಿಗೆ ಉಪ್ಪಿನಂತೆ ಒಂದು ಯಾದೃಚ್ಛಿಕ ಪದ ಬೆರೆಸಿ ಎಂಡಿ5 ಮಾಡಿ ಕಳಿಸುತ್ತಾರೆ. ತಾಳೆ ನೋಡಲು ಸರ್ವರಿಗೆ ಮೂಲ ಪಾಸ್‌ವರ್ಡೇ ಬೇಕು, ಆದ್ದರಿಂದ ನ್ಯಾವಿಡ್ರೋಮ್ ಅದನ್ನು ಮತ್ತೆ ಬಿಡಿಸಬಹುದಾದ ಎನ್‌ಕ್ರಿಪ್ಷನ್ನಿನಲ್ಲಿ ಇಟ್ಟುಕೊಳ್ಳುತ್ತದೆ. ಎನ್‌ಕ್ರಿಪ್ಷನ್ ಕೀಲಿಯನ್ನು ಕಾನ್ಫಿಗ್‌ನಲ್ಲಿ ನೀವೇ ಕೊಡಿ, ಇಮೇಲಿಗೋ ಬ್ಯಾಂಕಿಗೋ ಬಳಸುವ ಪಾಸ್‌ವರ್ಡನ್ನು ಇಲ್ಲಿ ಹಾಕಬೇಡಿ.